ಸೈಕಲಿಗೆ ಮೋಟಾರ್ ಕಿಟ್: ತಿರುಗಿಸುವ ಥ್ರಾಟಲೋ, ಹೆಬ್ಬೆರಳಲ್ಲಿ ಒತ್ತುವುದೋ?

ಅಡ್ಕದಬದಿ:

ನಮಸ್ಕಾರ. ಅಪ್ಪನ ಗೇರ್ ಸೈಕಲಿಗೆ ಹಬ್ ಮೋಟಾರಿನ (ಚಕ್ರದ ನಡುವಿನ ಹಬ್ಬಿನೊಳಗೇ ಇರುವ ಮೋಟಾರ್) ಕಿಟ್ ಹಾಕಿಸುವುದು ಅಂತ ಆಗಿದೆ. 36 ವೋಲ್ಟ್, 250 ವ್ಯಾಟ್, ಹಿಂದಿನ ಚಕ್ರಕ್ಕೆ, ಒಳಗೆ ಗೇರ್ ಇರುವ ಹಬ್. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರ್ 15 ಆಂಪಿಯರಿನದ್ದು. ಮಾರುವವರು ಈಗ ಕೇಳ್ತಾ ಇರುವುದು ಇಷ್ಟೇ: ಮೋಟಾರಿನ ವೇಗ ಏರಿಸಲಿಕ್ಕೆ ಸ್ಕೂಟರಿನ ಹಾಗೆ ತಿರುಗಿಸುವ ಟ್ವಿಸ್ಟ್ ಥ್ರಾಟಲ್ ಕೊಡುವುದಾ, ಹೆಬ್ಬೆರಳಲ್ಲಿ ಒತ್ತುವ ಥಂಬ್ ಥ್ರಾಟಲ್ ಕೊಡುವುದಾ? ಬೆಲೆ ಹೆಚ್ಚುಕಮ್ಮಿ ಒಂದೇ.

ಉಪಯೋಗ ಹೀಗೆ. ಬದಿಯಡ್ಕದಿಂದ ಸ್ವಲ್ಪ ಒಳಗೆ, ತಗ್ಗಿನಲ್ಲಿ ಮನೆ. ಬೆಳಗ್ಗೆ ಹಾಲಿನ ಸೊಸೈಟಿಗೆ ಮೂರೂವರೆ ಕಿ.ಮೀ. ಮೊದಲ ಅರ್ಧ ಕಿ.ಮೀ. ಪಂಚಾಯತಿನ ಕಾಂಕ್ರೀಟ್ ರಸ್ತೆ, ಒಳ್ಳೆ ಚಡಾವು. ಆಮೇಲೆ ಚೆರ್ಕಳ–ಕಲ್ಲಡ್ಕ ರಸ್ತೆ. ಕ್ಯಾರಿಯರಿನ ಎರಡು ಬದಿಗೂ ಹತ್ತು ಹತ್ತು ಲೀಟರಿನ ಕ್ಯಾನು. ಚಡಾವಿನ ಕೊನೆಯ ಭಾಗ ಈಗ ಇಳಿದು ದೂಡಿಕೊಂಡೇ ಹೋಗುವುದು. ಅಪ್ಪನಿಗೆ 64 ವರ್ಷ, ಸ್ಕೂಟರ್ ಬಿಟ್ಟು ಅಭ್ಯಾಸ ಉಂಟು. ಹಾಗಾಗಿ ಟ್ವಿಸ್ಟೇ ಸಾಕು ಅಂತ ನನ್ನ ಅಂದಾಜು. ಮಳೆಗಾಲದಲ್ಲೂ ಬಿಡಬೇಕು. ಗೊತ್ತಿದ್ದವರು ಹೇಳಿ.

ಚೈನ್‌ಕವರ್:

ಸ್ಕೂಟರಿನ ಅಭ್ಯಾಸ ಉಂಟು ಅನ್ನುವುದನ್ನು ಬದಿಗಿಡಿ ಮಾರಾಯ್ರೆ. ನೀವು ಬರೆದದ್ದರಲ್ಲಿ ಮುಖ್ಯ ಮಾತು "ಇಳಿದು ದೂಡಿಕೊಂಡು" ಅನ್ನುವುದು. ಸ್ಕೂಟರನ್ನು ಯಾರೂ ಇಂಜಿನ್ ಚಾಲು ಇಟ್ಟುಕೊಂಡು ಚಡಾವಿನಲ್ಲಿ ದೂಡುವುದಿಲ್ಲ. ಮೋಟಾರ್ ಹಾಕಿದ ಸೈಕಲಿನಲ್ಲಿ ಅದು ದಿನವೂ ನಡೆಯುವ ಕೆಲಸ. ಇಂಜಿನಿನ ಹಾಗೆ ಸದ್ದು ಇಲ್ಲ, ಆನ್ ಉಂಟೋ ಆಫ್ ಉಂಟೋ ಗೊತ್ತೇ ಆಗುವುದಿಲ್ಲ.

ದೂಡುವಾಗ ಬಲಗೈ ಹ್ಯಾಂಡಲಿನ ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿದಿರ್ತದೆ. ಸೈಕಲ್ ಭಾರಕ್ಕೆ ಹಿಂದೆ ಜಾರಿದರೆ, ಅಥವಾ ಮುಂದಿನ ಚಕ್ರ ಕಲ್ಲಿಗೆ ತಾಗಿ ನಿಂತರೆ, ಮಣಿಕಟ್ಟು ತಾನಾಗಿ ಕೆಳಗೆ ಮಡಚಿಕೊಳ್ತದೆ. ಟ್ವಿಸ್ಟಿನಲ್ಲಿ ಅದೇ ದಿಕ್ಕು ಥ್ರಾಟಲ್ ತೆರೆಯುವ ದಿಕ್ಕು. ಸೈಕಲ್ ಒಮ್ಮೆಲೇ ಮುಂದೆ ಹಾರುತ್ತದೆ, ಹಿಡಿದವರು ಬಿಡುವ ಬದಲು ಇನ್ನಷ್ಟು ಗಟ್ಟಿ ಹಿಡೀತಾರೆ, ಕೈ ಎಳೆದ ಹಾಗೆ ಥ್ರಾಟಲ್ ಇನ್ನೂ ತೆರೀತದೆ. ಸವಾರಿ ಮಾಡುವಾಗಲೂ ಇದೇ ಕತೆ: ಮೈ ಹಿಂದಕ್ಕೆ ಎಸೆದರೆ ಟ್ವಿಸ್ಟ್ ತೆರೆಯುತ್ತದೆ. ಥಂಬಿನಲ್ಲಿ ಮುಷ್ಟಿ ಎಷ್ಟು ಬಿಗಿ ಹಿಡಿದರೂ ಮೋಟಾರಿಗೆ ಸಂಬಂಧ ಇಲ್ಲ. ಹೆಬ್ಬೆರಳನ್ನು ಬೇಕಂತಲೇ ಒತ್ತಬೇಕು.

ಗುಲ್ಮಾರ್ಗಿನಲ್ಲಿ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್, ಎಸ್ಟೇಟುಗಳಲ್ಲಿ ಬಿಡುವ ನಾಲ್ಕು ಚಕ್ರದ ಎಟಿವಿ, ಎರಡರಲ್ಲೂ ಥಂಬೇ ಸಾಮಾನ್ಯ. ಅಲ್ಲಿ ಸವಾರ ಸೀಟಿನಲ್ಲಿ ಕೂತೇ ಇರುವುದಿಲ್ಲ. ಏಳ್ತಾನೆ, ಒಂದು ಬದಿಗೆ ವಾಲ್ತಾನೆ, ಹ್ಯಾಂಡಲನ್ನು ಜಗ್ಗಿ ಹಿಡೀತಾನೆ. ಆ ಜಗ್ಗುವಿಕೆ ಥ್ರಾಟಲಿಗೆ ಹೋಗಬಾರದು ಅಂತಲೇ ಹೆಬ್ಬೆರಳಿಗೆ ಕೊಟ್ಟದ್ದು. ರಸ್ತೆಯ ಬೈಕಿನಲ್ಲಿ ಸವಾರ ಸ್ಥಿರವಾಗಿ ಕೂತಿರ್ತಾನೆ, ಅಲ್ಲಿ ಟ್ವಿಸ್ಟ್ ಒಳ್ಳೆಯದು. ಹಾಲಿನ ಕ್ಯಾನು ಕಟ್ಟಿಕೊಂಡು ಚಡಾವು ಹತ್ತಿಸುವ ಸೈಕಲ್ ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಅಂತ ನೀವೇ ನೋಡಿ.

ಇನ್ನೊಂದು: ಅಂಗಳದಲ್ಲಿ ಸ್ಟಾಂಡ್ ಹಾಕಿಟ್ಟ ಸೈಕಲಿನ ಟ್ವಿಸ್ಟ್ ಹಿಡಿಯನ್ನು ತಿರುಗಿಸದೆ ಬಿಡುವ ಮಕ್ಕಳು ಇಲ್ಲ.

ಅರ್ಧಹಿಡಿ:

ಮೇಲೆ ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ತೀರ್ಪು ಕೊಡ್ಲಿಕ್ಕೆ ಆಗುವುದಿಲ್ಲ. ಥಂಬಿನ ಎರಡು ದೋಷ ಯಾರೂ ಹೇಳುವುದಿಲ್ಲ.

ಒಂದು, ಹೆಬ್ಬೆರಳು ಒತ್ತಿ ಹಿಡಿದಿರುವಾಗ ಅದು ಹಿಡಿಯ ಸುತ್ತ ಇರುವುದಿಲ್ಲ. ಬರೀ ನಾಲ್ಕು ಬೆರಳಲ್ಲಿ ಹ್ಯಾಂಡಲ್ ನಿಲ್ಲಬೇಕು. ಕಾಂಕ್ರೀಟ್ ರಸ್ತೆಯ ಜಾಯಿಂಟ್, ಗುಂಡಿ ಸಿಕ್ಕಿದಾಗ ಹಿಡಿತ ಸಡಿಲ ಆಗ್ತದೆ, ಹೆಬ್ಬೆರಳು ಅಲ್ಲಾಡಿದ ಹಾಗೆ ಮೋಟಾರೂ ಜಗ್ಗಿ ಜಗ್ಗಿ ಹೋಗ್ತದೆ. ಥಂಬ್ ಲಿವರ್ ಚಲಿಸುವ ದೂರವೇ ಕಮ್ಮಿ. ಸ್ವಲ್ಪ ಒತ್ತಿದರೆ ತುಂಬ ವ್ಯತ್ಯಾಸ ಆಗುವುದು ಅದಕ್ಕೇ.

ಎರಡು, ಹೆಬ್ಬೆರಳಿನ ಬುಡದ ಗಂಟು. ಅರುವತ್ತು ದಾಟಿದವರಲ್ಲಿ ಅಲ್ಲಿ ಸವೆತ ಸಾಮಾನ್ಯ. ಸ್ಪ್ರಿಂಗಿಗೆ ಎದುರಾಗಿ ಹದಿನೈದು ನಿಮಿಷ ಒತ್ತಿ ಹಿಡಿದರೆ ನೋವು ಬರುವುದು ಖಂಡಿತ. ಅಪ್ಪನವರಿಗೆ ಬಾಟ್ಲಿಯ ಮುಚ್ಚಳ ತಿರುಗಿಸುವಾಗ, ಹಾಲು ಕರೆಯುವಾಗ ಹೆಬ್ಬೆರಳ ಬುಡ ನೋಯ್ತದಾ ಅಂತ ಮೊದಲು ಕೇಳಿ.

ಟ್ವಿಸ್ಟಿನಲ್ಲೂ ಎರಡು ತರ ಉಂಟು, ಮಾರುವವರು ಅದನ್ನು ಹೇಳಿರಲಿಕ್ಕಿಲ್ಲ. ಇಡೀ ಹಿಡಿಯೇ ತಿರುಗುವುದು ಫುಲ್ ಟ್ವಿಸ್ಟ್. ಒಳಗಿನ ಅರ್ಧ, ಅಂದರೆ ಬ್ರೇಕ್ ಲಿವರಿನ ಕಡೆಯ ಭಾಗ ಮಾತ್ರ ತಿರುಗಿ ಹೊರಗಿನ ಅರ್ಧ ಸ್ಥಿರವಾಗಿ ನಿಲ್ಲುವುದು ಹಾಫ್ ಟ್ವಿಸ್ಟ್. ಹಾಫ್‌ನಲ್ಲಿ ಕಿರುಬೆರಳು, ಉಂಗುರ ಬೆರಳು ಸ್ಥಿರ ಭಾಗವನ್ನು ಹಿಡಿದಿರ್ತವೆ, ತೋರುಬೆರಳು ಹೆಬ್ಬೆರಳು ತಿರುಗಿಸುತ್ತವೆ. ದೂಡುವಾಗ ಅಂಗೈಯನ್ನು ಹೊರಗಿನ ಅರ್ಧದಲ್ಲಿ ಇಟ್ಟುಕೊಂಡರೆ ಚೈನ್‌ಕವರ್ ಹೇಳಿದ ಅಪಾಯ ಬಹುಪಾಲು ತಪ್ತದೆ. ಟ್ವಿಸ್ಟೇ ಹಾಕುವುದಿದ್ದರೆ ಹಾಫ್ ಹಾಕಿ. ಫುಲ್ ಟ್ವಿಸ್ಟ್ ಈ ಕೆಲಸಕ್ಕೆ ಬೇಡವೇ ಬೇಡ.

ಟ್ವಿಸ್ಟ್ ಕೂರಿಸುವಾಗ ಸಾಮಾನ್ಯವಾಗಿ ಆಗುವ ತಪ್ಪನ್ನೂ ಹೇಳಿಬಿಡ್ತೇನೆ. ತಿರುಗುವ ಭಾಗಕ್ಕೂ ಪಕ್ಕದ ಸ್ಥಿರ ಹಿಡಿಗೂ ನಡುವೆ 1ರಿಂದ 2 ಮಿ.ಮೀ. ಸಂದು ಬೇಕು. ರಬ್ಬರ್ ಹಿಡಿಯನ್ನು ಒತ್ತಿ ತುರುಕಿದರೆ ಅದು ಉಜ್ಜುತ್ತದೆ, ಕೈ ಬಿಟ್ಟಾಗ ಥ್ರಾಟಲ್ ಪೂರ್ತಿ ಹಿಂದೆ ಬರುವುದಿಲ್ಲ. ಬಿಸಿಲಿಗೆ ಇಟ್ಟಾಗ ರಬ್ಬರ್ ಹಿಗ್ಗಿ ಇನ್ನೂ ಹೆಚ್ಚು. ಬೆಳಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ.

ಸೈಕಲಿನ ಬಲಬದಿಯಲ್ಲಿ ಗೇರ್ ಬದಲಾಯಿಸುವ ಶಿಫ್ಟರ್ ಯಾವುದು ಉಂಟು? ಅದು ಗೊತ್ತಾಗದೆ ಮುಂದೆ ಮಾತಾಡಿ ಪ್ರಯೋಜನ ಇಲ್ಲ. ತಿರುಗಿಸುವ ಶಿಫ್ಟರ್ ಇದ್ದು ಅದರ ಪಕ್ಕ ತಿರುಗಿಸುವ ಥ್ರಾಟಲ್ ಬಂದರೆ, ಗೇರ್ ಇಳಿಸಲಿಕ್ಕೆ ಹೋಗಿ ಸ್ಪೀಡ್ ಏರಿಸುವುದೇ ಆಗ್ತದೆ.

ಐದುವೋಲ್ಟ್:

ಥಂಬೋ ಟ್ವಿಸ್ಟೋ, ಒಳಗೆ ಇರುವ ಸಾಮಾನು ಒಂದೇ. ಒಂದು ಅಯಸ್ಕಾಂತ, ಅದು ಎಷ್ಟು ಸರಿಯಿತು ಅಂತ ವೋಲ್ಟಿನಲ್ಲಿ ತಿಳಿಸುವ ಒಂದು ಹಾಲ್ ಸೆನ್ಸರ್, ಒಂದು ಸ್ಪ್ರಿಂಗ್. ಕಂಟ್ರೋಲರಿಗೆ ಎರಡರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹಾಗಾಗಿ ಈಗ ಒಂದು ಹಾಕಿ ಆಮೇಲೆ ಬದಲಾಯಿಸಲಿಕ್ಕೂ ಕಷ್ಟ ಇಲ್ಲ. ಹಾಳಾಗುವುದು ಎಲ್ಲಿ ಅನ್ನುವುದನ್ನು ತಿಳಿದುಕೊಂಡಿರಿ.

ಮೂರು ವೈರು. ಕೆಂಪು 5 ವೋಲ್ಟ್ (ಕೆಲವು ಕಂಟ್ರೋಲರಿನಲ್ಲಿ 4.3ರಷ್ಟು), ಕಪ್ಪು ನೆಗೆಟಿವ್, ಮೂರನೆಯದು ಸಿಗ್ನಲ್, ಅದು ಹಸಿರೋ ಬಿಳಿಯೋ ನೀಲಿಯೋ ಇರ್ತದೆ. ಬಣ್ಣ ನಂಬಬೇಡಿ, ಅಳೆದೇ ಜೋಡಿಸಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಕಪ್ಪಿಗೂ ಸಿಗ್ನಲಿಗೂ ಹಿಡಿಯಿರಿ. ಥ್ರಾಟಲ್ ಮುಟ್ಟದಿರುವಾಗ 0.8ರಿಂದ 0.9 ವೋಲ್ಟ್ ಬರಬೇಕು. ಮೆಲ್ಲಗೆ ತೆರೆದ ಹಾಗೆ ಎಲ್ಲೂ ಹಾರದೆ ಏರಬೇಕು, ಪೂರ್ತಿ ತೆರೆದಾಗ 3.6ರಿಂದ 4.2ರ ಒಳಗೆ ನಿಲ್ಲಬೇಕು. ಸಾಮಾನ್ಯ ಕಂಟ್ರೋಲರ್ 1.1–1.2 ವೋಲ್ಟಿಗೆ ಮೋಟಾರ್ ಚಾಲು ಮಾಡ್ತದೆ, 3.5ರ ಆಚೀಚೆ ಪೂರ್ತಿ ಕೊಡ್ತದೆ.

ಈ 0.85ರಿಂದ 1.1ರ ನಡುವಿನ ಅಂತರ ನೋಡಿ, ಕಾಲು ವೋಲ್ಟ್ ಮಾತ್ರ. ನಮ್ಮ ಮಳೆಗಾಲದಲ್ಲಿ ತೊಂದರೆ ಬರುವುದು ಅಲ್ಲಿಯೇ. ಥ್ರಾಟಲಿನೊಳಗೆ ನೀರು ಹೋಗಿ ಸೆನ್ಸರಿನ ಕಾಲುಗಳ ನಡುವೆ ತೇವ ನಿಂತರೆ 5 ವೋಲ್ಟಿನ ಕಾಲಿನಿಂದ ಸಿಗ್ನಲ್ ಕಾಲಿಗೆ ಸ್ವಲ್ಪ ಸೋರುತ್ತದೆ. 0.85 ಇದ್ದದ್ದು 1.2 ಆಯ್ತು ಅಂದರೆ ಯಾರೂ ಮುಟ್ಟದೆ ಚಕ್ರ ಮೆಲ್ಲಗೆ ತಿರುಗ್ತದೆ. ಅನೇಕ ಕಂಟ್ರೋಲರುಗಳು ಆನ್ ಮಾಡುವಾಗ ಸಿಗ್ನಲ್ ಏರಿ ಇದ್ದರೆ ಮೋಟಾರ್ ಬಿಡುವುದೇ ಇಲ್ಲ. ಆಗ ಜನ "ಮೋಟಾರ್ ಸುಟ್ಟಿದೆ" ಅಂತ ಅಂಗಡಿಗೆ ತರ್ತಾರೆ. ಒಣಗಿಸಿದರೆ ಸರಿ ಆಗುವ ಕೇಸು ಅದು.

ಇನ್ನೊಂದು ಇದಕ್ಕಿಂತ ಅಪಾಯದ್ದು. ಹ್ಯಾಂಡಲ್ ಆಚೀಚೆ ತಿರುಗುವಾಗ ವೈರು ಒಂದೇ ಜಾಗದಲ್ಲಿ ಮಡಚಿ ಮಡಚಿ ಒಳಗೆ ತುಂಡಾಗ್ತದೆ. ಸಿಗ್ನಲ್ ವೈರು ತುಂಡಾದರೆ ಮೋಟಾರ್ ನಿಲ್ತದೆ, ತೊಂದರೆ ಇಲ್ಲ. ಕಪ್ಪು ವೈರು ತುಂಡಾದರೆ ಸೆನ್ಸರಿಗೆ ನೆಗೆಟಿವ್ ಇಲ್ಲದೆ ಸಿಗ್ನಲ್ 5 ವೋಲ್ಟಿನ ಹತ್ತಿರಕ್ಕೆ ಏರ್ತದೆ. ಒಳ್ಳೆ ಕಂಟ್ರೋಲರ್ ಇದನ್ನು ತಪ್ಪು ಅಂತ ಗುರುತಿಸಿ ನಿಲ್ಲಿಸ್ತದೆ. ಅಗ್ಗದ್ದು ಪೂರ್ತಿ ವೇಗ ಕೊಟ್ಟುಬಿಡ್ತದೆ. ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಒಂದು ಕೈ ಮೇನ್ ಸ್ವಿಚ್ಚಿನ ಮೇಲೆ ಇಟ್ಟುಕೊಂಡು, ಥ್ರಾಟಲಿನ ಕಪ್ಪು ವೈರನ್ನು ಮಾತ್ರ ಬಿಡಿಸಿ ನೋಡಿ. ಚಕ್ರ ಓಡಿತು ಅಂದರೆ ಆ ಕಂಟ್ರೋಲರನ್ನು ವಾಪಸ್ ಕೊಡಿ, ಬೇರೆ ಕೇಳಿ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ಕಟ್ ಮಾಡುವ ಲಿವರ್ ಬೇಕೇ ಬೇಕು ಅನ್ನುವುದೂ ಇದಕ್ಕೇ. ಥ್ರಾಟಲ್ ಯಾವುದಾದರೂ ಆಗ್ಲಿ, ಅದೊಂದನ್ನು ಉಳಿತಾಯ ಮಾಡಬೇಡಿ.

ನಿಮ್ಮ ಕಿಟ್ಟಿನ ಥ್ರಾಟಲಿನಲ್ಲಿ ಬೀಗದಕೈ, ಬ್ಯಾಟರಿಯ ಲೈಟು ಉಂಟಾ? ಇದ್ದರೆ ಹೇಳಿ.

ಅಡ್ಕದಬದಿ:

ತುಂಬ ಉಪಕಾರ ಎಲ್ಲರಿಗೂ. ಕೇಳಿದ್ದಕ್ಕೆ ಉತ್ತರ:

ಬಲಬದಿ 7 ಗೇರಿನ ಶಿಫ್ಟರ್, ಬ್ರೇಕ್ ಲಿವರ್ ಜೊತೆ ಒಂದೇ ತುಂಡಾಗಿ ಬಂದದ್ದು, ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಒತ್ತುವುದು. ಎಡಬದಿ ಅದೇ ತರದ್ದು, ಮುಂದಿನ 3 ಪಲ್ಲೆಗೆ (ಪೆಡಲಿನ ಹತ್ತಿರ ಚೈನ್ ಓಡುವ ಹಲ್ಲುಚಕ್ರ). ಎಡದ್ದನ್ನು ಅಪ್ಪ ಮುಟ್ಟುವುದೇ ಇಲ್ಲ, ಯಾವಾಗಲೂ ನಡುವಿನದ್ದರಲ್ಲೇ. ವಿ-ಬ್ರೇಕ್ (ಚಕ್ರದ ರಿಮ್ಮನ್ನು ಎರಡು ಬದಿಯಿಂದ ಹಿಡಿಯುವುದು). ಹೆಬ್ಬೆರಳ ಬುಡದ ನೋವು ಉಂಟು, ಬಲಗೈಯಲ್ಲಿ ಮಾತ್ರ. ಕಿಟ್ಟಿನ ಟ್ವಿಸ್ಟ್ ಥ್ರಾಟಲಿನಲ್ಲಿ ಬೀಗದಕೈಯೂ ಉಂಟು, ಮೂರು ಲೈಟೂ ಉಂಟು. ತುಳಿಯುವಾಗ ಮೋಟಾರ್ ತಾನಾಗಿ ಎಳೆಯುವ ಹಾಗೆ ಮಾಡುವ ಪೆಡಲ್ ಅಸಿಸ್ಟ್ ಸೆನ್ಸರ್ ಕೂಡ ಕಿಟ್ಟಿನಲ್ಲಿ ಉಂಟಂತೆ. ಅದು ಇದ್ದರೆ ಥ್ರಾಟಲೇ ಬೇಡ ಅಂತ ಒಬ್ಬರು ಹೇಳಿದರು, ಹೌದಾ?

ಚೈನ್‌ಕವರ್:

ಹಾಗಾದರೆ ಉತ್ತರ ಸಿಕ್ಕಿತು. ಥಂಬ್, ಎಡಬದಿಗೆ. ನೋವಿರುವ ಕೈಗೆ ಕೆಲಸ ಇಲ್ಲ, ಬಲಬದಿಯ ಶಿಫ್ಟರ್ ಅಲ್ಲಿಯೇ ಇರ್ತದೆ, ಒಂದು ಹೆಬ್ಬೆರಳಿಗೆ ಎರಡು ಲಿವರಿನ ಜಗಳವೂ ಇಲ್ಲ. ಮಾರುವವರ ಹತ್ತಿರ "ಎಡಗೈ ಥಂಬ್" ಅಂತ ಸ್ಪಷ್ಟ ಹೇಳಿ ತೆಗೆಯಿರಿ. ಬಲಗೈಯದ್ದನ್ನು ಎಡಕ್ಕೆ ತಿರುಗಿಸಿ ಹಾಕಿದರೆ ಒತ್ತುವ ದಿಕ್ಕು ಉಲ್ಟಾ ಆಗ್ತದೆ.

ಎಡದ ಶಿಫ್ಟರ್ ಮತ್ತು ಅದರ ಕೇಬಲ್ ತೆಗೆದುಬಿಡಿ. ಬರೀ ಕೇಬಲ್ ತೆಗೆದು, ಚೈನನ್ನು ಪಲ್ಲೆಯಿಂದ ಪಲ್ಲೆಗೆ ಸರಿಸುವ ಮುಂದಿನ ಡಿರೈಲರ್ ಬಿಟ್ಟರೆ ಸ್ಪ್ರಿಂಗ್ ಅದನ್ನು ಒಳಕ್ಕೆ ಎಳೆದು ಚೈನನ್ನು ಸಣ್ಣ ಪಲ್ಲೆಗೆ ಬೀಳಿಸ್ತದೆ, ಹಾಗಾಗಿ ಡಿರೈಲರನ್ನೂ ಬಿಚ್ಚಿ. ಚೈನ್ ನಡುವಿನದ್ದರಲ್ಲೇ ಇರಲಿ. ಸಾಮಾನ್ಯವಾಗಿ ಈ ಸೈಕಲುಗಳಲ್ಲಿ ಮುಂದೆ 48-38-28 ಹಲ್ಲು, ಹಿಂದೆ 14ರಿಂದ 28. ನಡುವಿನ 38ಕ್ಕೆ ಹಿಂದಿನ 28 ಹಾಕಿದರೆ 26 ಇಂಚಿನ ಚಕ್ರ ಪೆಡಲಿನ ಒಂದು ಸುತ್ತಿಗೆ ಸುಮಾರು 2.8 ಮೀಟರ್ ಹೋಗ್ತದೆ. ಗಂಟೆಗೆ 10 ಕಿ.ಮೀ.ನಲ್ಲಿ ಚಡಾವು ಹತ್ತುವಾಗ ನಿಮಿಷಕ್ಕೆ 60 ಸುತ್ತು ತುಳಿದ ಹಾಗೆ, ಹದವಾಗಿ ಆಗ್ತದೆ. ಬ್ಯಾಟರಿ ಮುಗಿದ ದಿನ ಮಾತ್ರ 28ರ ಪಲ್ಲೆಗೆ ಕೈಯಲ್ಲೇ ಚೈನ್ ಎತ್ತಿ ಹಾಕಿಕೊಳ್ಳಬೇಕಾದೀತು.

ತುಳಿಯುವುದು ಬೇಕು ಅಂತ ಯಾಕೆ ಹೇಳುವುದು ಅಂದರೆ, ಲೆಕ್ಕ ಹಾಕಿ: ಸವಾರ 65 ಕೆ.ಜಿ., ಕಿಟ್ ಸೇರಿ ಸೈಕಲ್ 25, ಹಾಲು ಕ್ಯಾನು 25. ಒಟ್ಟು 115. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಚಡಾವಿನಲ್ಲಿ ಗಂಟೆಗೆ 10 ಕಿ.ಮೀ. ಹೋಗಲಿಕ್ಕೆ ಚಕ್ರಕ್ಕೆ ಸುಮಾರು 350 ವ್ಯಾಟ್ ಬೇಕು. ನಿಮ್ಮ ಕಂಟ್ರೋಲರ್ ಹೆಚ್ಚೆಂದರೆ 36 ಗುಣಿಸು 15, ಅಂದರೆ 540 ವ್ಯಾಟ್ ಎಳೀತದೆ. ನಿಧಾನ ವೇಗದಲ್ಲಿ ಅದರ ದೊಡ್ಡ ಪಾಲು ಶಾಖ ಆಗಿ ಹೋಗ್ತದೆ. ಥ್ರಾಟಲ್ ಪೂರ್ತಿ ಒತ್ತಿ, ಕಾಲು ಸುಮ್ಮನೆ ಇಟ್ಟು, ಆರು ಏಳು ಕಿ.ಮೀ. ವೇಗದಲ್ಲಿ ತೆವಳಿಸಿದರೆ ಹಬ್ಬಿನೊಳಗಿನ ನೈಲಾನ್ ಗೇರ್ ಮೆದು ಆಗಿ ಹಲ್ಲು ಹೋಗ್ತದೆ. ಥ್ರಾಟಲ್ ಟ್ವಿಸ್ಟಾದರೂ ಥಂಬಾದರೂ ಇದರಲ್ಲಿ ಬದಲಾವಣೆ ಇಲ್ಲ. ವೇಗ 8 ಕಿ.ಮೀ.ಗಿಂತ ಇಳಿಯಿತಾ, ಥ್ರಾಟಲ್ ಬಿಟ್ಟು ಇಳಿದುಬಿಡುವುದು.

ಅರ್ಧಹಿಡಿ:

ಎಡ ಥಂಬಿಗೆ ನನ್ನದೂ ಒಪ್ಪಿಗೆ. ಬಲ ಹೆಬ್ಬೆರಳಲ್ಲಿ ನೋವು, ಅದೇ ಬೆರಳಿಗೆ ಶಿಫ್ಟರ್ ಅಂದಮೇಲೆ ಬಲಗೈಗೆ ಹಾಫ್ ಟ್ವಿಸ್ಟನ್ನೂ ಹೇಳಲಾರೆ. ಒಂದು ಲಾಭ ಬೇರೆ ಉಂಟು. ಮುಖ್ಯರಸ್ತೆಯಲ್ಲಿ ಬಲಕ್ಕೆ ತಿರುಗುವಾಗ ಬಲಗೈ ಚಾಚಿ ತೋರಿಸಬೇಕಲ್ಲ, ಆಗ ಥ್ರಾಟಲೂ ಹಿಂದಿನ ಬ್ರೇಕೂ ಎಡಗೈಯಲ್ಲಿ ಇರ್ತದೆ. ಥ್ರಾಟಲ್ ಬಲಬದಿ ಇದ್ದರೆ ಕೈ ತೆಗೆದ ಕೂಡಲೇ ಮೋಟಾರ್ ನಿಂತು, ನಡು ರಸ್ತೆಯಲ್ಲಿ ಭಾರದ ಸೈಕಲ್ ಓಲಾಡ್ತದೆ.

ಪೆಡಲ್ ಅಸಿಸ್ಟ್ ಇದ್ದರೆ ಥ್ರಾಟಲ್ ಬೇಡ ಅನ್ನುವುದು ಸಮತಟ್ಟು ರಸ್ತೆಯ ಮಾತು. ಆ ಸೆನ್ಸರ್ ಪೆಡಲಿನ ಬುಡದಲ್ಲಿ 8 ಅಥವಾ 12 ಅಯಸ್ಕಾಂತದ ಒಂದು ಬಿಲ್ಲೆ. ಪೆಡಲ್ ಸ್ವಲ್ಪ ತಿರುಗಿದ ಮೇಲೆಯೇ ಅದಕ್ಕೆ ಗೊತ್ತಾಗುವುದು. ಚಡಾವಿನ ನಡುವೆ ನಿಂತ ಸೈಕಲನ್ನು 25 ಕೆ.ಜಿ. ಭಾರದ ಜೊತೆ ಎಬ್ಬಿಸುವಾಗ ಆ ಕಾಲು ಸುತ್ತೇ ಕಷ್ಟದ್ದು. ಅಲ್ಲಿ ಥ್ರಾಟಲ್ ಬೇಕು. ಮುಖ್ಯರಸ್ತೆಗೆ ಬಂದ ಮೇಲೆ ಅಸಿಸ್ಟಿನಲ್ಲಿ ಹೋಗುವುದು. ಹೀಗೆ ಮಾಡಿದರೆ ಹೆಬ್ಬೆರಳಿಗೆ ಒಟ್ಟು ಎರಡು ಮೂರು ನಿಮಿಷದ ಕೆಲಸ, ನಾನು ಮೊದಲು ಎತ್ತಿದ ಆಕ್ಷೇಪ ಇಲ್ಲಿಗೆ ಅನ್ವಯ ಆಗುವುದಿಲ್ಲ. ಕ್ಯಾನು ಕಟ್ಟುವಾಗ ಅಸಿಸ್ಟನ್ನೂ ಆಫ್ ಮಾಡಿ. ಕಾಲು ತಾಗಿ ಪೆಡಲ್ ತಿರುಗಿದರೂ ಮೋಟಾರ್ ಎಳೀತದೆ.

ಈಗ ಬ್ರೇಕಿನ ವಿಷಯ. ಕಿಟ್ಟಿನಲ್ಲಿ ಬರುವ ಕಟ್-ಆಫ್ ಲಿವರುಗಳು ಬರೀ ಬ್ರೇಕ್ ಲಿವರು. ನಿಮ್ಮ ಬಲಬದಿಯದ್ದು ಶಿಫ್ಟರ್ ಸೇರಿದ್ದು, ಅದನ್ನು ತೆಗೆದರೆ ಗೇರೂ ಹೋಯ್ತು. ಎಡಕ್ಕೆ ಕಿಟ್ಟಿನ ಲಿವರ್ ಹಾಕಿ. ಬಲಕ್ಕೆ ಇದ್ದದ್ದನ್ನೇ ಇಟ್ಟು, ಅಂಟಿಸುವ ಮ್ಯಾಗ್ನೆಟ್ ಸೆನ್ಸರ್ ಬೇರೆ ತೆಗೆಯಿರಿ: ಸೆನ್ಸರ್ ಲಿವರಿನ ಬುಡಕ್ಕೆ, ಅಯಸ್ಕಾಂತ ಲಿವರಿನ ಮೇಲೆ. ಲಿವರ್ ಸ್ವಲ್ಪ ಎಳೆದ ಕೂಡಲೇ, ಬ್ರೇಕ್ ಹಿಡಿಯುವ ಮೊದಲೇ, ಮೋಟಾರ್ ಕಟ್ ಆಗುವ ಹಾಗೆ ಅಂತರ ಹೊಂದಿಸಿ. ಎರಡು ವೈರಿನ ಸೆನ್ಸರ್ ಕೇಳಿ. ಮೂರು ವೈರಿನದ್ದಕ್ಕೆ 5 ವೋಲ್ಟ್ ಬೇರೆ ಕೊಡಬೇಕು, ಎಲ್ಲ ಕಂಟ್ರೋಲರಿನ ಬ್ರೇಕ್ ಪ್ಲಗ್ಗಿನಲ್ಲಿ ಅದು ಇರುವುದಿಲ್ಲ.

ಕೂರಿಸುವ ಕ್ರಮ. ಎಡ ಹಿಡಿಯ ಕೆಳಗೆ ಸಪೂರ ಕಡ್ಡಿ ತೂರಿಸಿ ಸೋಪುನೀರು ಬಿಟ್ಟು ತಿರುಚಿದರೆ ಹಿಡಿ ಬರ್ತದೆ. ಎಣ್ಣೆ ಹಾಕಬೇಡಿ, ಆಮೇಲೆ ಹಿಡಿ ನಿಲ್ಲುವುದಿಲ್ಲ. ಹ್ಯಾಂಡಲ್ 22.2 ಮಿ.ಮೀ. ದಪ್ಪ, ಥ್ರಾಟಲೂ ಅದೇ ಅಳತೆಗೆ ಬರ್ತದೆ. ಒಳಗಿನಿಂದ ಹೊರಗೆ ಬ್ರೇಕ್ ಲಿವರ್, ಥಂಬ್ ಥ್ರಾಟಲ್, ಹಿಡಿ, ಈ ಸಾಲಿನಲ್ಲಿ. ಥ್ರಾಟಲ್ ಎರಡೂವರೆ ಮೂರು ಸೆಂ.ಮೀ. ಜಾಗ ತಿನ್ನುವುದರಿಂದ ಹಿಡಿಯನ್ನು ಅಷ್ಟೇ ಕತ್ತರಿಸಿ ಗಿಡ್ಡ ಮಾಡಿ. ಇಲ್ಲದಿದ್ದರೆ ಬ್ರೇಕ್ ಲಿವರ್ ಒಳಗೆ ಸರಿದು ಬೆರಳು ಲಿವರಿನ ತುದಿಗೆ ಎಟುಕುವುದಿಲ್ಲ, ತುದಿಗೆ ಎಟುಕದಿದ್ದರೆ ಬ್ರೇಕಿಗೆ ಬಲ ಇಲ್ಲ. ಹಿಡಿ ವಾಪಸ್ ಏರಿಸುವಾಗ ಒಳಗೆ ಸ್ಪಿರಿಟ್ ಸವರಿ. ಒಣಗಿದ ಮೇಲೆ ಕಚ್ಚಿ ಕೂರ್ತದೆ.

ಥಂಬ್ ಲಿವರ್ ಹ್ಯಾಂಡಲಿನ ಅಡ್ಡಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರಲಿ, ಹೆಬ್ಬೆರಳು ಎತ್ತಿ ಹಿಡಿಯುವಂತೆ ಆಗಬಾರದು. ಪೂರ್ತಿ ಒತ್ತಿದಾಗ ಅದು ಬ್ರೇಕ್ ಲಿವರಿನ ಕ್ಲಾಂಪಿಗೋ ಕೇಬಲಿಗೋ ತಾಗ್ತದಾ ನೋಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಿ. ಸ್ಕ್ರೂವನ್ನು ಅಲೆನ್ ಕೀಯ ಗಿಡ್ಡ ಕಾಲು ಕೈಯಲ್ಲಿ ಹಿಡಿದು ಎರಡು ಬೆರಳಿನ ಬಲದಲ್ಲಿ ಬಿಗಿ ಮಾಡಿದರೆ ಸಾಕು. ಪ್ಲಾಸ್ಟಿಕ್ ಬಾಡಿ, ಜಾಸ್ತಿ ಬಿಗಿದರೆ ಬಿರುಕು ಬಿಡ್ತದೆ. ಕ್ರೋಮ್ ಹ್ಯಾಂಡಲಿನಲ್ಲಿ ಜಾರಿ ತಿರುಗುವುದಾದರೆ ಬಿಗಿಯುವ ಬದಲು ಕೆಳಗೆ ಬಟ್ಟೆಯ ಟೇಪ್ ಒಂದು ಸುತ್ತು.

ಐದುವೋಲ್ಟ್:

ಬೀಗದಕೈ, ಲೈಟು ಇರುವ ಥ್ರಾಟಲ್ ಬಿಟ್ಟದ್ದು ಒಳ್ಳೆಯದಾಯ್ತು. ಅದರಲ್ಲಿ ಮೂರು ವೈರಿನ ಜೊತೆ ಬ್ಯಾಟರಿಯ ಪೂರ್ತಿ ವೋಲ್ಟೇಜಿನ ವೈರೂ ಹ್ಯಾಂಡಲಿನ ತನಕ ಬರ್ತದೆ. ತುಂಬ ಚಾರ್ಜ್ ಆದ 36 ವೋಲ್ಟ್ ಬ್ಯಾಟರಿ ಅಂದರೆ 42 ವೋಲ್ಟ್. ಒಳಗೆ ನೀರು ಹೋಗಿ ಅದು 5 ವೋಲ್ಟಿನ ವೈರಿಗೆ ತಾಗಿತು ಅಂದರೆ ಹಾಲ್ ಸೆನ್ಸರ್ ಮಾತ್ರ ಅಲ್ಲ, ಕಂಟ್ರೋಲರೂ ಹೋಗ್ತದೆ. ಪ್ಲಗ್ ಹೊಂದುವುದಿಲ್ಲ ಅಂತ ಬಣ್ಣ ನೋಡಿ ವೈರು ಕೂಡಿಸಿದಾಗಲೂ ಇದೇ ಆಗುವುದು, ಯಾಕೆಂದರೆ ಎರಡೂ ಕೆಂಪೇ ಇರ್ತದೆ.

ಆದರೆ ಅದನ್ನು ತೆಗೆದಾಗ ಬೀಗದಕೈಯ ಕೆಲಸವೂ ಹೋಗ್ತದೆ ಅನ್ನುವುದು ನೆನಪಿರಲಿ. ಕಂಟ್ರೋಲರಿನಿಂದ ಒಂದು ಸಪೂರ ಕೆಂಪು ವೈರು ಬೇರೆ ಬರ್ತದೆ. ಅದಕ್ಕೆ ಬ್ಯಾಟರಿಯ ಪಾಸಿಟಿವ್ ಸಿಕ್ಕಿದರೆ ಮಾತ್ರ ಕಂಟ್ರೋಲರ್ ಏಳುವುದು. ಹೊಸ ಥಂಬ್ ಹಾಕಿ "ಏನೂ ಆಗುವುದಿಲ್ಲ" ಅಂತ ಕೂರುವವರು ಈ ವೈರನ್ನು ಗಾಳಿಯಲ್ಲಿ ಬಿಟ್ಟಿರ್ತಾರೆ. ಅದಕ್ಕೆ ಒಂದು ಸಣ್ಣ ಸ್ವಿಚ್ ಹಾಕಿ, ಡಿಸಿ 48 ವೋಲ್ಟಿಗೆ ಆಗುವುದು. ಆ ವೈರಿನಲ್ಲಿ ಕರೆಂಟ್ ಕಮ್ಮಿ, ದೊಡ್ಡ ಸ್ವಿಚ್ ಬೇಡ. ಬ್ಯಾಟರಿಯ ದಪ್ಪ ವೈರಿಗೆ 20 ಆಂಪಿಯರಿನ ಫ್ಯೂಸ್ ಇರಲಿ.

ಕಂಟ್ರೋಲರಿನಲ್ಲಿ ಕ್ರೂಸ್ ಅಂತ ಒಂದು ಜೋಡಿ ವೈರು ಇದ್ದೀತು. ಅದನ್ನು ಕೂಡಿಸಿದ್ದರೆ ಥ್ರಾಟಲನ್ನು ಒಂದೇ ಮಟ್ಟದಲ್ಲಿ ಕೆಲವು ಸೆಕೆಂಡು ಹಿಡಿದಾಗ ಅದೇ ವೇಗ ಲಾಕ್ ಆಗ್ತದೆ, ಆಮೇಲೆ ಕೈ ಬಿಟ್ಟರೂ ಮೋಟಾರ್ ಓಡ್ತದೆ. ಹೆಬ್ಬೆರಳಿಗೆ ಆರಾಮ ಅಂತ ಕೆಲವರು ಹೇಳ್ತಾರೆ. ತಿರುವು, ನಾಯಿ, ಬಸ್ಸು ಇರುವ ರಸ್ತೆಗೆ ಅದು ಬೇಡ. ಬಿಡಿಸಿ, ಎರಡು ತುದಿಗೂ ಬೇರೆ ಬೇರೆ ಟೇಪ್ ಸುತ್ತಿ ಇಡಿ.

ಮಳೆಗೆ: ಮೇ ತಿಂಗಳಲ್ಲೇ ಥ್ರಾಟಲಿನ ಮುಚ್ಚಳ ತೆಗೆದು ಸೆನ್ಸರಿನ ಮೂರು ಕಾಲಿನ ಬುಡಕ್ಕೆ ಸಿಲಿಕೋನ್ ತುಂಬಿಸಿ. ಹುಳಿ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ತೆಗೆಯಿರಿ. ಅಯಸ್ಕಾಂತ ಓಡುವ ದಾರಿಗೆ ಮೆತ್ತಿಕೊಳ್ಳದ ಹಾಗೆ ನೋಡಿ, ಮೆತ್ತಿದರೆ ಲಿವರ್ ಹಿಂದೆ ಬರುವುದಿಲ್ಲ. ಸ್ಪ್ರಿಂಗಿಗೆ ಒಂದು ಚಿಟಿಕೆ ಗ್ರೀಸ್. ಮುಚ್ಚಳದ ಸಂದು ಪೂರ್ತಿ ಮುಚ್ಚಬೇಡಿ, ಕೆಳಗಿನ ಬದಿ ಸ್ವಲ್ಪ ತೆರೆದಿರಲಿ. ಹೋದ ನೀರು ಇಳಿಯಲಿಕ್ಕೆ ದಾರಿ ಬೇಕಲ್ಲ. ವೈರು ಥ್ರಾಟಲಿನಿಂದ ಹೊರಟ ಕೂಡಲೇ ಕೆಳಗೆ ಬಾಗಿ ಆಮೇಲೆ ಮೇಲೆ ಹೋಗಲಿ. ಆಗ ವೈರಿನ ಮೇಲೆ ಹರಿದು ಬಂದ ನೀರು ಬಾಗಿದ ಜಾಗದಲ್ಲಿ ತೊಟ್ಟಿಕ್ಕಿ ಹೋಗ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಸಾಮಾನ್ಯ ಪ್ಲಗ್ಗುಗಳು ನೀರಿಗೆ ಆಗುವಂಥವಲ್ಲ, ಒಳಗೆ ಕರೆಂಟ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿಸಿ, ಮೇಲೆ ಬಿಸಿ ಮಾಡಿದಾಗ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಮಳೆಯಲ್ಲಿ ಬಂದ ದಿನ ಸೈಕಲನ್ನು ಪೈಪಿನಲ್ಲಿ ತೊಳೆಯುವವರು ಹ್ಯಾಂಡಲಿಗೆ ನೇರ ಹೊಡೆಯಬೇಡಿ.

ಎಲ್ಲ ಆದ ಮೇಲೆ ಚಕ್ರ ಎತ್ತಿ ನಿಲ್ಲಿಸಿ ಪರೀಕ್ಷೆ. ಮೊದಲು ಆನ್ ಮಾಡಿ ಏನೂ ಮುಟ್ಟದೆ ಒಂದು ನಿಮಿಷ ನೋಡಿ, ಚಕ್ರ ಅಲ್ಲಾಡಬಾರದು. ಮೆಲ್ಲಗೆ ಒತ್ತಿ, ಬಿಡಿ. ಟಪ್ ಅಂತ ಲಿವರ್ ಹಿಂದೆ ಬರಬೇಕು. ಚಕ್ರ ಓಡ್ತಾ ಇರುವಾಗ ಥ್ರಾಟಲ್ ಒತ್ತಿಯೇ ಹಿಡಿದು ಎಡ ಬ್ರೇಕ್, ಆಮೇಲೆ ಬಲ ಬ್ರೇಕ್. ಎರಡರಲ್ಲೂ ಮೋಟಾರ್ ನಿಲ್ಲಬೇಕು. ಬಲದ್ದು ಮುಂದಿನ ಚಕ್ರದ ಬ್ರೇಕ್ ಆದ್ದರಿಂದ ಅಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತಾ ನಿಧಾನ ಆಗ್ತದೆ, ಅದನ್ನು ನೋಡಿ ಹೆದರಬೇಡಿ.

ಕಾನೂನಿನ ಬಗ್ಗೆ ಯಾರಾದರೂ ಕೇಳುವ ಮೊದಲು: ಮೂವತ್ತು ನಿಮಿಷದ ರೇಟಿಂಗ್ (ಮೋಟಾರ್ ಅಷ್ಟು ಹೊತ್ತು ನಿಲ್ಲದೆ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತ ಕಮ್ಮಿ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಮ್ಮಿ ಇದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಸಿಕ್ಕಿದ ವಾಹನವನ್ನು ಕೇಂದ್ರದ ನಿಯಮ ಮೋಟಾರ್ ವಾಹನ ಅಂತ ಲೆಕ್ಕ ಮಾಡುವುದಿಲ್ಲ. ಕಿಟ್ ಮಾರುವವರು ಮೊದಲ ಎರಡು ಹೇಳ್ತಾರೆ, ಮೂರನೆಯದು ಹೇಳುವುದಿಲ್ಲ. ಕಂಟ್ರೋಲರಿನಲ್ಲಿ ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಲಿಮಿಟ್ ವೈರನ್ನು ಬಿಡಿಸಲಿಕ್ಕೆ ಹೋಗಬೇಡಿ.

ಅಡ್ಕದಬದಿ:

ಎಡಗೈ ಥಂಬ್, ಬಲಕ್ಕೆ ಎರಡು ವೈರಿನ ಮ್ಯಾಗ್ನೆಟ್ ಸೆನ್ಸರ್, ಲೈಟು ಇಲ್ಲದ್ದು ಅಂತ ಹೇಳಿ ಕಳಿಸಿದೆ. ಒಂದು ಬಾಕಿ: ಆ ಸಣ್ಣ ಸ್ವಿಚ್ಚನ್ನು ಸೀಟಿನ ಕೆಳಗೆ ಕೂರಿಸಿದರೆ ಮಳೆ ತಾಗುವುದಿಲ್ಲ ಅಲ್ವಾ?

ಚೈನ್‌ಕವರ್:

ಮಳೆ ತಾಗುವುದಿಲ್ಲ, ಕೈಗೂ ಸಿಗುವುದಿಲ್ಲ. ಚಡಾವಿನಲ್ಲಿ ಇಳಿದು ದೂಡುವ ಮೊದಲು ಆಫ್ ಮಾಡಲಿಕ್ಕೆ ಅಂತಲೇ ಆ ಸ್ವಿಚ್. ಸೀಟಿನ ಕೆಳಗೆ ಕೈ ಹಾಕಿ ಹುಡುಕಬೇಕಾದರೆ ಯಾರೂ ಆಫ್ ಮಾಡುವುದಿಲ್ಲ. ಹ್ಯಾಂಡಲಿನ ನಡುವೆ, ಅದನ್ನು ಹಿಡಿದಿರುವ ಸ್ಟೆಮ್ಮಿನ ಪಕ್ಕ, ರಬ್ಬರ್ ಟೊಪ್ಪಿ ಇರುವ ಸ್ವಿಚ್ ಹಾಕಿ. ಕೆಳಗೆ ಒತ್ತಿದರೆ ಆಫ್ ಆಗುವ ಹಾಗೆ ಕೂರಿಸಿ, ಗಡಿಬಿಡಿಯಲ್ಲಿ ಕೈ ಬಡಿದರೂ ಆಫೇ ಆಗ್ತದೆ.